ತಂಡ ಸೋತ ಸಿಟ್ಟಿಗೆ ಅಭಿಮಾನಿಗಳು ಗಲಾಟೆ ಮಾಡಿದರೆ ಹೊಣೆ ಯಾರದು?

ಕಲ್ಲು ಎಸೆದವನದೇ ಮೊದಲ ಹೊಣೆ. ಸೋತ ತಂಡದ್ದಂತೂ ಅಲ್ಲವೇ ಅಲ್ಲ.

1996ರ ವಿಶ್ವಕಪ್ ಸೆಮಿಫೈನಲ್ ನೆನಪಿದೆ ಅಲ್ವಾ? ಕೋಲ್ಕತ್ತಾದ ಈಡನ್ ಗಾರ್ಡನ್ಸ್. ಶ್ರೀಲಂಕಾ ಎದುರು ಭಾರತ 8 ವಿಕೆಟಿಗೆ 120. ಮೈದಾನಕ್ಕೆ ಬಾಟಲಿಗಳು ಬಿದ್ದವು, ಸ್ಟ್ಯಾಂಡಿನಲ್ಲಿ ಬೆಂಕಿ ಹತ್ತಿತು. ರೆಫರಿ ಕ್ಲೈವ್ ಲಾಯ್ಡ್ ಪಂದ್ಯವನ್ನು ಶ್ರೀಲಂಕಾಕ್ಕೆ ಕೊಟ್ಟುಬಿಟ್ಟರು. ಕ್ರೀಸಿನಲ್ಲಿದ್ದ ವಿನೋದ್ ಕಾಂಬ್ಳಿ ಅಳುತ್ತಾ ಹೊರನಡೆದರು. ಅವರೇನು ತಪ್ಪು ಮಾಡಿದ್ದರು?

‘ಗುಂಪಿನ ಜೊತೆ ಇದ್ದೆ ಅಷ್ಟೇ’ ಅನ್ನೋ ಮಾತು ಕಾನೂನಿನಲ್ಲಿ ಯಾವಾಗಲೂ ನಡೆಯುವುದಿಲ್ಲ. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಕಾನೂನು ಒಪ್ಪದ ಒಂದೇ ಉದ್ದೇಶಕ್ಕೆ ಸೇರಿ, ಅದಕ್ಕಾಗಿ ಒಬ್ಬ ಹಿಂಸೆಗಿಳಿದರೂ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಎಲ್ಲರ ಮೇಲೂ ದೊಂಬಿ ಕೇಸು. ಎರಡು ವರ್ಷದವರೆಗೆ ಜೈಲು ಆಗಬಹುದು. ಸುಮ್ನೆ ಬದಿಯಲ್ಲಿ ನಿಂತವರ ವಿಷಯ ಬೇರೆ.

ಆದರೆ ಎಲ್ಲವನ್ನೂ ಅಭಿಮಾನಿಗಳ ತಲೆಗೆ ಕಟ್ಟಬೇಡಿ. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಹೋದರು. ಅವರು ಗಲಾಟೆಗೆ ಬಂದವರಲ್ಲ, ಆರ್‌ಸಿಬಿ ಐಪಿಎಲ್ ಗೆದ್ದ ಖುಷಿಗೆ ಬಂದವರು. ಎಷ್ಟು ಜನ ಬರಬಹುದು, ಯಾವ ಗೇಟು ಯಾವಾಗ ತೆರೆಯಬೇಕು ಅನ್ನೋದನ್ನು ಮೊದಲೇ ಯೋಚಿಸಬೇಕಾದವರು ಆಯೋಜಕರು ಮತ್ತು ಆಡಳಿತ. ಸೋಲಿನ ದಿನಕ್ಕೂ ಇದೇ ಲೆಕ್ಕ.