‘ಕಲ್ಲುಗಳ ಕಣ್ಣೀರು’ ಕಳಿಸಿದವರಿಗೆ

ಪ್ರಿಯ ಲೇಖಕರಿಗೆ,

ಸಿರಿಯಾದ ಪ್ರಾಚೀನ ಪಾಲ್ಮೈರಾ ನಗರದ ನಾಶವನ್ನು ಕುರಿತು ನೀವು ಕಳಿಸಿದ ‘ಕಲ್ಲುಗಳ ಕಣ್ಣೀರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮ್ಮ ಗದ್ಯಕ್ಕೆ ಓದಿಸಿಕೊಳ್ಳುವ ಗುಣವಿದೆ. ಎರಡು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗದೆ ಇಷ್ಟುದ್ದ ಬರೆಯುತ್ತಿರುವುದು ಆ ಕಾರಣಕ್ಕೆ.

ನಿಮ್ಮ ಹನ್ನೊಂದು ಪುಟಗಳಲ್ಲಿ ಇರುವುದು ಎರಡೇ ಪಾತ್ರಗಳು: ಒಡೆಯುವ ಐಸಿಸ್ ಮತ್ತು ಅಳುವ ಜಗತ್ತು. 2015ರ ಆಗಸ್ಟಿನಲ್ಲಿ ಬಾಲ್‌ಶಮಿನ್ ಮತ್ತು ಬೇಲ್ ದೇಗುಲಗಳನ್ನು ಸಿಡಿಸಿದವರು ಯಾರು, ಆ ಅವಶೇಷಗಳನ್ನು ನಾಲ್ಕು ದಶಕ ಕಾಯ್ದ ಖಾಲಿದ್ ಅಲ್ ಅಸಾದ್ ಅವರ ತಲೆ ಕಡಿದವರು ಯಾರು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಶೀರ್ಷಿಕೆಯ ಕೆಳಗೆ ‘ಪರಂಪರೆಯ ರಕ್ಷಣೆ ಮತ್ತು ಅಂತರರಾಷ್ಟ್ರೀಯ ರಾಜಕಾರಣ’ ಎಂದು ಬರೆದವರು ನೀವೇ. ಉಳಿಸುತ್ತೇವೆಂದು ಮುಂದೆ ಬಂದವರ ಲೆಕ್ಕಾಚಾರವನ್ನು ಬಿಟ್ಟರೆ ಆ ರಾಜಕಾರಣದಲ್ಲಿ ಹೇಳಲು ಉಳಿಯುವುದು ಅಲ್ಪ, ಮತ್ತು ನೀವು ಬಿಟ್ಟಿರುವುದು ಅದನ್ನೇ.

ನಿಮ್ಮ ಕೊನೆಯ ಪುಟವನ್ನೇ ನೋಡಿ. ಐಸಿಸ್ ಹಿಮ್ಮೆಟ್ಟಿದ ಮೇಲೆ, 2016ರ ಮೇ 5ರಂದು, ಪಾಲ್ಮೈರಾದ ರೋಮನ್ ರಂಗಮಂದಿರದಲ್ಲಿ ವಲೇರಿ ಗೆರ್ಗಿಯೆವ್ ನಿರ್ದೇಶನದಲ್ಲಿ ರಷ್ಯಾದ ಮಾರಿನ್ಸ್ಕಿ ವಾದ್ಯವೃಂದ ನುಡಿಸಿದ್ದನ್ನು ‘ಸಂಸ್ಕೃತಿ ಭಯೋತ್ಪಾದನೆಯನ್ನು ಗೆದ್ದ ಸಂಜೆ’ ಎಂದು ವರ್ಣಿಸಿದ್ದೀರಿ. ಆ ಸಂಜೆ ಅಧ್ಯಕ್ಷ ಪುಟಿನ್ ವಿಡಿಯೊ ಮೂಲಕ ಭಾಷಣ ಮಾಡಿದರು ಎಂಬುದನ್ನೂ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಪುರಾತತ್ವ ತಾಣದ ರಕ್ಷಿತ ವಲಯದೊಳಗೇ ರಷ್ಯಾದ ಸೇನಾ ಶಿಬಿರ ಎದ್ದಿರುವುದು ಉಪಗ್ರಹ ಚಿತ್ರಗಳಲ್ಲಿ ಕಾಣಿಸಿತು ಎಂಬುದನ್ನೂ ನೀವು ಹೇಳುವುದಿಲ್ಲ. ಅದೇ ಡಿಸೆಂಬರಿನಲ್ಲಿ ಐಸಿಸ್ ಮರಳಿ ಬಂದು, 2017ರ ಜನವರಿಯ ವೇಳೆಗೆ ಸಂಗೀತ ಕೇಳಿಸಿದ್ದ ಆ ರಂಗಮಂದಿರದ ಮುಂಭಾಗವನ್ನೇ ಒಡೆದಿತ್ತು. ನಿಮ್ಮ ಗೆಲುವಿನ ಆಯುಷ್ಯ ಏಳು ತಿಂಗಳು. ಪಶ್ಚಿಮದವರೂ ಈ ಆಟದಿಂದ ಹೊರಗಿರಲಿಲ್ಲ: ಸಂಗೀತ ಕಛೇರಿಗೆ ಕೆಲವೇ ದಿನ ಮೊದಲು ಲಂಡನ್ನಿನ ಟ್ರಾಫಲ್ಗರ್ ಚೌಕದಲ್ಲಿ, ಪಾಲ್ಮೈರಾದ ವಿಜಯ ಕಮಾನಿನ ಪ್ರತಿಕೃತಿಯನ್ನು ಅಲ್ಲಿನ ಮೇಯರ್ ಬೋರಿಸ್ ಜಾನ್ಸನ್ ಅನಾವರಣ ಮಾಡಿದ್ದರು. ಈಜಿಪ್ಟಿನ ಅಮೃತಶಿಲೆಯನ್ನು ಇಟಲಿಯಲ್ಲಿ ಯಂತ್ರದಿಂದ ಕೆತ್ತಿ ಲಂಡನ್ನಿನಲ್ಲಿ ನಿಲ್ಲಿಸಿದ ಆ ಸಿರಿಯಾದ ಕಮಾನು ಯಾರಿಗೆ ಏನನ್ನು ಮರಳಿಸಿತು ಎಂದು ನೀವು ಕೇಳಿದ್ದರೆ, ಲೇಖನ ಅಲ್ಲಿಂದಲೇ ಬೇರೆ ದಾರಿ ಹಿಡಿಯುತ್ತಿತ್ತು.

ನಾಲ್ಕನೆಯ ಪುಟದಲ್ಲಿ ಒಂದು ನೇರ ತಪ್ಪಿದೆ. ಮಾಲಿ ದೇಶದ ಟಿಂಬಕ್ಟುವಿನ ಗೋರಿಗಳನ್ನು ಕೆಡವಿದ ಅಲ್ ಮಹ್ದಿಯನ್ನು ಶಿಕ್ಷಿಸಿದಂತೆಯೇ ಪಾಲ್ಮೈರಾದ ವಿನಾಶಕರನ್ನೂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಶಿಕ್ಷಿಸಬೇಕಿತ್ತು, ‘ಇಚ್ಛಾಶಕ್ತಿಯ ಕೊರತೆ’ ಅಡ್ಡಬಂತು ಎನ್ನುತ್ತೀರಿ. ಮಾಲಿ ಆ ನ್ಯಾಯಾಲಯದ ಸದಸ್ಯ ದೇಶ. 2012ರಲ್ಲಿ ಅದು ತಾನಾಗಿಯೇ ಪ್ರಕರಣವನ್ನು ಒಪ್ಪಿಸಿತು. ಅದರಿಂದಾಗಿಯೇ 2016ರ ಸೆಪ್ಟೆಂಬರಿನಲ್ಲಿ ಅಲ್ ಮಹ್ದಿಗೆ 9 ವರ್ಷ ಸೆರೆಯಾಯಿತು. ಸಿರಿಯಾ ಆ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನಕ್ಕೆ ಸಹಿ ಹಾಕಿದ್ದರೂ ಅದನ್ನು ಅನುಮೋದಿಸಿರಲಿಲ್ಲವಾದ್ದರಿಂದ, ಅಲ್ಲಿನ ನೆಲದ ಅಪರಾಧಗಳು ಆ ನ್ಯಾಯಾಲಯವನ್ನು ತಲುಪಲು ಇದ್ದ ಮುಖ್ಯ ದಾರಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮೂಲಕ ಹಾಯುತ್ತಿತ್ತು. 2014ರ ಮೇ ತಿಂಗಳಲ್ಲಿ ರಷ್ಯಾ ಮತ್ತು ಚೀನಾ ವಿಟೊ ಚಲಾಯಿಸಿ ಅದನ್ನು ಮುಚ್ಚಿದವು. ಅದೇ ಮಂಡಳಿ 2017ರ ಮಾರ್ಚಿನಲ್ಲಿ ಸಾಂಸ್ಕೃತಿಕ ಪರಂಪರೆಯ ರಕ್ಷಣೆಗೆಂದೇ 2347ನೆಯ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ನಮ್ಮ ಗಾದೆ ಇಲ್ಲಿಗೆ ಅರ್ಧ ಮಾತ್ರ ಹೊಂದುತ್ತದೆ, ಏಕೆಂದರೆ ಇಲ್ಲಿ ಒಂದು ಬಾಗಿಲನ್ನು ಮೊದಲೇ ಹಾಕಿದ್ದರು, ಒಳಗಿನವರಿಗೆ ನ್ಯಾಯ ಸಿಗದಂತೆ.

ಯುದ್ಧಕಾಲದಲ್ಲಿ ಸಾಂಸ್ಕೃತಿಕ ಸ್ವತ್ತನ್ನು ಕಾಯಲು ಆದ 1954ರ ಹೇಗ್ ಒಪ್ಪಂದವನ್ನು ಒಂದೇ ವಾಕ್ಯದಲ್ಲಿ ಹೊಗಳಿ ಮುಗಿಸಿದ್ದೀರಿ. ಅನಿವಾರ್ಯ ಸೈನಿಕ ಅಗತ್ಯವಿದ್ದರೆ ರಕ್ಷಣೆಯ ಹೊಣೆಗೆ ವಿನಾಯಿತಿ ಉಂಟು ಎಂದು ಅದರ ನಾಲ್ಕನೆಯ ವಿಧಿಯಲ್ಲೇ ಇದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಆ ಮಾತನ್ನು ಓದದೆ ಈ ವಿಷಯದಲ್ಲಿ ಲೇಖನಿ ಎತ್ತಬಾರದು.

ಹಂಪಿಯ ಪ್ಯಾರಾವನ್ನು ತೆಗೆದುಬಿಡಿ. ಕನ್ನಡದ ಓದುಗನ ಕಣ್ಣು ಒದ್ದೆ ಮಾಡಲು 1565ನ್ನು ಎಳೆದು ತಂದಿದ್ದೀರಿ, ವಾದಕ್ಕೆ ಅದರಿಂದ ಏನೂ ಸೇರಿಲ್ಲ. ಹಂಪಿ ಬೇಕೇ ಬೇಕೆಂದರೆ 1999ಕ್ಕೆ ಬನ್ನಿ: ತುಂಗಭದ್ರೆಗೆ ಕಟ್ಟುತ್ತಿದ್ದ ಸೇತುವೆಗಳ ಕಾರಣಕ್ಕೆ ಯುನೆಸ್ಕೊ ಅದನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿ, 2006ರಲ್ಲಿ ಹೊರಗೆ ತೆಗೆಯಿತು. ಹೆಸರು ಕೆಡುತ್ತದೆಂದು ಅಂಜುವ ಸರ್ಕಾರದ ಮುಂದೆ ಆ ಪಟ್ಟಿಗೆ ಸ್ವಲ್ಪ ಬಲವಿದೆ. ಸಿರಿಯಾದ ಆರೂ ವಿಶ್ವ ಪರಂಪರೆ ತಾಣಗಳು 2013ರಲ್ಲೇ ಅದೇ ಪಟ್ಟಿಗೆ ಸೇರಿದ್ದವು, ಆದರೂ 2015ರ ಸ್ಫೋಟಗಳು ನಿಲ್ಲಲಿಲ್ಲ.

ನನ್ನನ್ನು ಹೆಚ್ಚು ಕಾಡಿದ ಕೊರತೆ ಇನ್ನೊಂದಿದೆ. ನಿಮ್ಮ ಪಾಲ್ಮೈರಾದಲ್ಲಿ ಜನರೇ ಇಲ್ಲ. ಬೇಲ್ ದೇಗುಲದ ಅಂಗಳದೊಳಗೆ ಶತಮಾನಗಳಿಂದ ಒಂದು ಹಳ್ಳಿಯಿತ್ತು. ಸಿರಿಯಾ ಫ್ರೆಂಚರ ಆಡಳಿತದಲ್ಲಿದ್ದಾಗ, 1929ರಿಂದ ಮೂರು ನಾಲ್ಕು ವರ್ಷಗಳಲ್ಲಿ, ಅವಶೇಷವನ್ನು ‘ಶುದ್ಧ’ಗೊಳಿಸಲೆಂದು ಅಲ್ಲಿದ್ದವರನ್ನು ಎಬ್ಬಿಸಿ ಪಕ್ಕದಲ್ಲಿ ಕಟ್ಟಿದ ತದ್ಮುರ್ ಎಂಬ ಹೊಸ ಊರಿಗೆ ಸಾಗಿಸಿದರು. ಆ ಊರಿನ ಸೆರೆಮನೆಯಲ್ಲಿ 1980ರ ಜೂನಿನಲ್ಲಿ ಹಫೀಜ್ ಅಸಾದ್ ಆಡಳಿತದ ಪಡೆಗಳು ನೂರಾರು ಕೈದಿಗಳನ್ನು ಕೊಂದವು. ಪಾಲ್ಮೈರಾ ವಿಶ್ವ ಪರಂಪರೆಯ ಪಟ್ಟಿಗೆ ಏರಿದ್ದೂ ಅದೇ 1980ರಲ್ಲಿ. 2015ರ ಮೇ ತಿಂಗಳಲ್ಲಿ ಐಸಿಸ್ ಆ ಸೆರೆಮನೆಯನ್ನೂ ಸಿಡಿಸಿತು. ಅದರೊಂದಿಗೆ ಅಲ್ಲಿ ನರಳಿದವರ ಸಾಕ್ಷ್ಯವೂ ಮಣ್ಣಾಯಿತು, ಆದರೆ ಅದರ ಪ್ರತಿಕೃತಿಯನ್ನು ಯಾರೂ ಕೆತ್ತಿಸಲಿಲ್ಲ. ಯಾವ ಕಲ್ಲನ್ನು ಪರಂಪರೆ ಎನ್ನಬೇಕು, ಯಾವುದನ್ನು ಎನ್ನಬಾರದು ಎಂಬ ತೀರ್ಮಾನ ಮದ್ದುಗುಂಡು ಬರುವ ಎಷ್ಟೋ ಮೊದಲೇ ಆಗಿರುತ್ತದೆ, ಮತ್ತು ಅದನ್ನು ಮಾಡುವವರಲ್ಲಿ ಅಲ್ಲಿ ವಾಸಿಸುವವರು ಅಪರೂಪ.

ಎರಡನೆಯ ಕರಡನ್ನು ತದ್ಮುರ್‌ನಿಂದಲೇ ಆರಂಭಿಸಿ ನೋಡಿ. ಪಾಲ್ಮೈರಾವನ್ನು ಆಳಿದ ಜೆನೋಬಿಯಾ ರಾಣಿಯ ಎರಡು ಪುಟಗಳನ್ನು ಎರಡು ವಾಕ್ಯಕ್ಕೆ ಇಳಿಸಿ, ‘ಕಣ್ಣೀರು’, ‘ಮೂಕಸಾಕ್ಷಿ’, ‘ಮನುಕುಲದ ಕಳಂಕ’ ಎಂಬ ಪದಗಳನ್ನು ಪೂರ್ತಿ ಅಳಿಸಿ. ತಿಂಗಳ ಕೊನೆಯೊಳಗೆ ತಲುಪಿದರೆ ಮುಂದಿನ ಸಂಚಿಕೆಗೆ ಜಾಗ ಕಾದಿರಿಸುತ್ತೇನೆ. ಹೊಸ ಶೀರ್ಷಿಕೆಯನ್ನು ನೀವೇ ಹುಡುಕಬೇಕು.

ಇಂತು,
ಸಂಪಾದಕ