ಊಟ ಆಯ್ತಾ ಅಂತ ಅಮ್ಮ ಕೇಳಿದರೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕುಮಟಾದಿಂದ ದುಬೈಗೆ ಬಂದು ಎರಡು ತಿಂಗಳಾಗಿದೆ. ಆರು ಜನರ ರೂಮು, ಹನ್ನೆರಡು ಗಂಟೆ ಡ್ಯೂಟಿ. ಊರಲ್ಲಿ ಈಸ್ಟರ್‌ಗೆ ಮೊದಲಿನ ನಲವತ್ತು ದಿನದ ತಪಸ್ಸು ಕಾಲ ಬಂದರೆ ಉಪವಾಸ, ಜಪಮಾಲೆ, ಶಿಲುಬೆ ಹಾದಿ ಎಲ್ಲ ತಾನಾಗಿಯೇ ನಡೆಯುತ್ತಿತ್ತು, ಇಲ್ಲಿ ಒಂದೂ ಆಗುತ್ತಿಲ್ಲ, ನನ್ನ ನಂಬಿಕೆಯೇ ಕಮ್ಮಿಯಾಯಿತಾ ಅಂತ ಕೇಳಿದ್ದೀಯ.

ಕಮ್ಮಿಯಾಗಿಲ್ಲ. 'ತಾನಾಗಿಯೇ' ಅಂದೆಯಲ್ಲ, ವಿಷಯ ಅಲ್ಲೇ ಇದೆ. ಊರಲ್ಲಿ ನಾವು ಉಪವಾಸ ಮಾಡುತ್ತಿರಲಿಲ್ಲ, ಮನೆ ಮಾಡುತ್ತಿತ್ತು. ನಮ್ಮದು ಕಾರವಾರದ ಹತ್ತಿರ ಬಿಣಗಾ. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಅಮ್ಮ ಒಲೆ ಮೇಲೆ ಗಂಜಿ ಇಟ್ಟರೆ ಎಲ್ಲರಿಗೂ ಗಂಜಿಯೇ. ಸಂಜೆ ಇಗರ್ಜಿಯ, ಅಂದರೆ ಚರ್ಚಿನ, ಗಂಟೆ ಹೊಡೆದರೆ ಅಂಗಳದಲ್ಲಿ ಆಡುತ್ತಿದ್ದವರು ಕೈಕಾಲು ತೊಳೆದು ಒಳಗೆ ಬರಬೇಕು, ಮೊಣಕಾಲೂರಬೇಕು. ಇಲ್ಲಿ ಗಂಟೆಯೂ ಇಲ್ಲ, ಅಮ್ಮನೂ ಇಲ್ಲ. ಈಗ ಮೊದಲ ಸಲ ಈ ಉಪವಾಸ ನಿನ್ನ ಕೈಗೆ ಬಂದಿದೆ. ಹಾಗಾಗಿ ಭಾರ ಅನ್ನಿಸುತ್ತಿದೆ, ಅಷ್ಟೇ.

ನಾನು ಬಂದ ಮೊದಲ ವರ್ಷ ಮಾಡಿದ ತಪ್ಪನ್ನು ನೀನು ಮಾಡಬೇಡ. ಊರು ಬಿಟ್ಟ ಸಂಕಟಕ್ಕೆ ಊರಿಗಿಂತ ಜಾಸ್ತಿ ಕಠಿಣ ಉಪವಾಸ ಹಿಡಿದೆ. ಶುಭ ಶುಕ್ರವಾರ ಬೆಳಿಗ್ಗೆಯಿಂದ ಹನಿ ನೀರು ಕುಡಿಯದೆ ಬಿಸಿಲಿನ ಯಾರ್ಡಿನಲ್ಲಿ ಲೋಡ್ ಇಳಿಸಿದೆ. ಮಧ್ಯಾಹ್ನ ಎರಡರ ಹೊತ್ತಿಗೆ ಕಣ್ಣು ಕತ್ತಲೆ ಬಂದು ಬಿದ್ದೆ. ಆಮೇಲೆ ಪಾಪನಿವೇದನೆಗೆ ಹೋದಾಗ ಇದನ್ನೇ ಹೇಳಿಕೊಂಡೆ. ಧರ್ಮಸಭೆ ನಿನ್ನ ಹತ್ತಿರ ಇದನ್ನು ಕೇಳಿಯೇ ಇಲ್ಲವಲ್ಲ ಅಂದರು ಫಾದರ್. ನಿಜ, ಕೇಳಿಲ್ಲ. ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. 18 ತುಂಬಿದಾಗಿನಿಂದ 59 ತುಂಬುವವರೆಗೆ. ಒಂದು ಪೂರ್ತಿ ಊಟ, ಇನ್ನೆರಡು ಹೊತ್ತು ಸ್ವಲ್ಪ ಏನಾದರೂ. ನೀರು, ಔಷಧಿಗೆ ತಡೆ ಇಲ್ಲ. ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವ ಮೊದಲು ಒಂದು ಗಂಟೆ ತಿನ್ನದೆ ಇರುವುದು ಬೇರೆ, ಅದು ನಿನಗೆ ಗೊತ್ತೇ ಇದೆ. ಮೈ ಮುರಿಯುವ ಕೆಲಸದವರಿಗೆ ವಿನಾಯಿತಿಯೂ ಇದೆ, ಫಾದರ್ ಹತ್ತಿರ ಕೇಳು. ನೀರು ಮಾತ್ರ ಯಾವತ್ತೂ ಬಿಡಬೇಡ.

ರೂಮಿನವರು ಶುಕ್ರವಾರ ಬಿರಿಯಾನಿ ಮಾಡುತ್ತಾರೆ, ನಾನು ಮೀನು ತಂದು ತಿನ್ನಬಹುದಾ ಅಂತಲೂ ಕೇಳಿದ್ದೀಯ. ನಿಯಮ ನೋಡಿದರೆ ತಿನ್ನಬಹುದು, ಬಿಡಬೇಕಾದದ್ದು ಮಾಂಸ. ಆದರೆ ನಾವು ಕರಾವಳಿಯವರು. ಕೋಳಿ ಬಿಟ್ಟು ಇಸೋಣ ಮೀನು ಹುರಿದು ತಿಂದರೆ ಅದು ಹಬ್ಬ ಅಲ್ವಾ? ಅಮ್ಮ ತಪಸ್ಸು ಕಾಲದ ಶುಕ್ರವಾರ ಬೈತಖೋಲ ಧಕ್ಕೆಯಿಂದ ಮೀನು ತರುತ್ತಿರಲಿಲ್ಲ. ಆ ದುಡ್ಡು ಒಂದು ಡಬ್ಬಿಗೆ ಬೀಳುತ್ತಿತ್ತು. ಈಸ್ಟರ್‌ಗೆ ಮೊದಲು ಆ ಡಬ್ಬಿ ಕಾಯಿಲೆ ಬಿದ್ದ ಯಾರದೋ ಮನೆಗೆ ಹೋಗುತ್ತಿತ್ತು. ನಮಗೆ ಹೆಸರು ಹೇಳುತ್ತಿರಲಿಲ್ಲ. ಹಸಿದವನಿಗೆ ನಿನ್ನ ಅನ್ನ ಹಂಚುವುದೇ ದೇವರಿಗೆ ಬೇಕಾದ ಉಪವಾಸ ಅಂತ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿದೆ. ಅಮ್ಮ ಅದನ್ನು ಓದಿದ್ದಳೋ ಇಲ್ಲವೋ, ಮಾಡುತ್ತಿದ್ದದ್ದು ಅದನ್ನೇ. ನಿನ್ನ ಕ್ಯಾಂಪಿನಲ್ಲೇ ಸಂಬಳ ತಡವಾದವನು ಒಬ್ಬನಾದರೂ ಇರುತ್ತಾನೆ. ಹುಡುಕು.

ಪ್ರಾರ್ಥನೆಗೆ ಜಾಗ ಇಲ್ಲ ಅಂದೆ. ಜಾಗ ಬೇಡ, ಹೊತ್ತು ಬೇಕು. ಬಿಟ್ಟ ತಿಂಡಿಯ ಹೊತ್ತು ಖಾಲಿ ಇರುತ್ತದಲ್ಲ, ಅದೇ ಹೊತ್ತು ಪ್ರಾರ್ಥನೆಗೆ. ಆ ಹದಿನೈದು ನಿಮಿಷ ಫೋನ್ ನೋಡಿದರೆ ಸುಮ್ನೆ ಹಸಿದ ಹಾಗಾಯಿತು. ನಾನು ಕಂಪನಿ ಬಸ್ಸಿನಲ್ಲಿ, ಕಿಟಕಿ ಕಡೆ ತಿರುಗಿ, ಬೆರಳಲ್ಲೇ ಎಣಿಸಿ ಜಪಮಾಲೆ ಹೇಳುತ್ತಿದ್ದೆ. ಐದು ರಹಸ್ಯಗಳಲ್ಲಿ, ಅಂದರೆ ಜಪಮಾಲೆಯ ಐದು ಭಾಗಗಳಲ್ಲಿ, ಎಷ್ಟೋ ದಿನ ಮೂರನೆಯದಕ್ಕೇ ನಿದ್ದೆ. ಬೇಜಾರು ಮಾಡಿಕೊಳ್ಳದೆ ಮರುದಿನ ಮತ್ತೆ ಶುರು ಮಾಡುತ್ತಿದ್ದೆ.

ನಮ್ಮ ಕೆನರಾ ಕರಾವಳಿಯಲ್ಲಿ 1681ರಿಂದ ಮೂರು ವರ್ಷ ದುಡಿದ ಸಂತ ಜೋಸೆಫ್ ವಾಜ್ 1687ರಲ್ಲಿ ಕೂಲಿಯವನ ವೇಷದಲ್ಲಿ ಶ್ರೀಲಂಕಾಕ್ಕೆ ಹೋದರು. ಡಚ್ಚರು ಕಥೋಲಿಕ ಪಾದ್ರಿಗಳನ್ನು ಅಲ್ಲಿಂದ ಓಡಿಸಿದ್ದರು. ಆದರೂ ಅಲ್ಲಿನ ಜನ ಮನೆಯೊಳಗೆ, ಗುಟ್ಟಾಗಿ, ನಂಬಿಕೆ ಕಾಪಾಡಿಕೊಂಡಿದ್ದರು. ನನಗೆ ತುಂಬಾ ಒಂಟಿ ಅನ್ನಿಸಿದಾಗ ಆ ಜನ ನೆನಪಾಗುತ್ತಾರೆ. ನಮಗಾದರೆ ಇಗರ್ಜಿ ಇದೆ. ಊದ್ ಮೇಥಾದ ಸೇಂಟ್ ಮೇರಿಸ್ 1967ರಿಂದ ಇದೆ, ಕೊಂಕಣಿ ಬಲಿಪೂಜೆಯೂ ಸಿಗುತ್ತದೆ.

ರಂಜಾನ್ ಜೊತೆಗೇ ಬಂದರೆ ಹೆದರಬೇಡ. 2025ರಲ್ಲಿ ಇಲ್ಲಿ ರಂಜಾನ್ ಮಾರ್ಚ್ 1ಕ್ಕೆ ಶುರುವಾಯಿತು, ನಮ್ಮ ಬೂದಿ ಬುಧವಾರ ಮಾರ್ಚ್ 5. ನಮ್ಮ ಮಹಡಿಯಲ್ಲಿ ಭಟ್ಕಳದ ಒಂದು ಕುಟುಂಬವಿದೆ. ಅವರು ಸಹರಿಗೆ, ಅಂದರೆ ಬೆಳಗಿನ ಜಾವದ ಊಟಕ್ಕೆ, ಏಳುವ ಸದ್ದಿಗೆ ನಾನೂ ಎದ್ದು ಕತ್ತಲಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದೆ. ಬೂದಿ ಬುಧವಾರದ ನಮ್ಮ ಒಂದು ಊಟವನ್ನು ಅವರ ಇಫ್ತಾರ್ ಹೊತ್ತಿಗೇ ಇಟ್ಟುಕೊಂಡೆವು. ಅವರ ಮನೆಯಿಂದ ಗಂಜಿ ಬಂತು. ಮಾಂಸ ಹಾಕದೆ ಬೇರೆ ಪಾತ್ರೆಯಲ್ಲಿ ಮಾಡಿದ್ದರು. ನಾವು ಕೇಳಿರಲಿಲ್ಲ.

ಕೊನೆಗೆ ಒಂದು ಸಣ್ಣ ವಿಷಯ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಓಡಾಡಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ ಅಂತ ಯೇಸು ಹೇಳಿದ್ದಾರೆ. ರೂಮಿನವರಿಂದ ಮುಚ್ಚಿಡಬಹುದು, ಆದರೆ ಅಮ್ಮ ಫೋನ್ ಮಾಡಿದರೆ ಮೊದಲ ಮಾತೇ ಊಟ ಆಯ್ತಾ. ಆಯಿತು ಅಂತ ಸುಳ್ಳು ಹೇಳಬೇಡ. ಇನ್ನೂ ಇಲ್ಲ, ರಾತ್ರಿಗೆ ಮಾಡುತ್ತೇನೆ ಅನ್ನು. ಅವಳಿಗೆ ಅರ್ಥವಾಗುತ್ತದೆ. ಮನೆಯ ಜಪಮಾಲೆಯನ್ನು ಶುಕ್ರವಾರ ಮಾತ್ರ ಸ್ವಲ್ಪ ತಡ ಮಾಡಲು ಹೇಳು. ಊರಲ್ಲಿ ಎಂಟೂವರೆ ಆದಾಗ ಇಲ್ಲಿ ಏಳು, ನಿನ್ನ ಡ್ಯೂಟಿ ಮುಗಿದಿರುತ್ತದೆ. ಫೋನನ್ನು ದೇವರ ಪೀಠದ ಹತ್ತಿರ ಇಟ್ಟುಬಿಡಲಿ. ಒಂದು ರಹಸ್ಯ ನೀನು ಹೇಳು, ಉಳಿದದ್ದು ಅವರು ಹೇಳುತ್ತಾರೆ.