ಸೊಂಟ ಮತ್ತೆ ಬಿಗಿಯಾಗುತ್ತಿದೆ ಅಂದರೆ...

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: "ಎಂಟು ತಿಂಗಳ ಹಿಂದೆ ಟಮ್ಮಿ ಟಕ್ ಮಾಡಿಸಿಕೊಂಡೆ. ಈಗ ತೂಕ 4 ಕೆಜಿ ಏರಿದೆ, ಚೂಡಿದಾರ ಸೊಂಟದಲ್ಲಿ ಬಿಗಿಯಾಗುತ್ತಿದೆ. ದುಡ್ಡೆಲ್ಲ ನೀರುಪಾಲಾಯಿತಾ? ಬೆಳಿಗ್ಗೆ ದರ್ಶಿನಿಯಲ್ಲಿ ಇಡ್ಲಿ ವಡೆ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಸುಮ್ನೆ ಏನಾದರೂ, ರಾತ್ರಿ ಎರಡು ಚಪಾತಿ. ಇಷ್ಟೇ ತಿನ್ನೋದು. ಅನ್ನ ಬಿಟ್ಟು ಮುದ್ದೆ ಶುರು ಮಾಡಲಾ? ಸಂಕಷ್ಟಿ ಉಪವಾಸ ಹಿಡಿಯಲಾ?"

ದುಡ್ಡು ನೀರುಪಾಲಾಗಿಲ್ಲ ಮೇಡಂ. ಟಮ್ಮಿ ಟಕ್ ಸರ್ಜರಿಯಲ್ಲಿ ಹೊಟ್ಟೆಯ ಮೇಲೆ ಜೋತುಬಿದ್ದ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ತೆಗೆಯುತ್ತಾರೆ. ಹೆರಿಗೆಯಲ್ಲಿ ಅಗಲವಾದ ಸ್ನಾಯುಗಳಿದ್ದರೆ ಸೇರಿಸಿ ಹೊಲಿಯುತ್ತಾರೆ. ಆದರೆ ಸ್ನಾಯುವಿನ ಹಿಂದೆ, ಕರುಳಿನ ಸುತ್ತ ಕೂರುವ ಕೊಬ್ಬಿಗೆ ಸರ್ಜನ್ ಕೈಹಾಕುವುದಿಲ್ಲ. ತೂಕ ಏರಿದರೆ ಅದು ಬೆಳೆದು ಹೊಟ್ಟೆಯನ್ನು ಒಳಗಿನಿಂದ ಮುಂದಕ್ಕೆ ತಳ್ಳುತ್ತದೆ. ಅದು ಕರಗಬೇಕಾದರೆ ಊಟ, ಓಡಾಟದಿಂದಲೇ.

ನನಗೆ ಅನುಮಾನ ಬಂದದ್ದು ಆ "ಸಂಜೆ ಸುಮ್ನೆ ಏನಾದರೂ" ಮೇಲೆ. ಪತ್ರದ ಕೊನೆಯಲ್ಲಿ ನೀವೇ ಬಾಯಿಬಿಟ್ಟಿದ್ದೀರಿ: ಕಾಂಗ್ರೆಸ್ ಕಡ್ಲೆಬೀಜ, ನಿಪ್ಪಟ್ಟು, ಸಕ್ಕರೆ ಹಾಕಿದ ಎರಡು ಲೋಟ ಕಾಫಿ. 30 ಗ್ರಾಂ ಕಡ್ಲೆಬೀಜ, ಅಂದರೆ ಒಂದು ಹಿಡಿಯಲ್ಲೇ ಸುಮಾರು 170 ಕ್ಯಾಲೊರಿ ಇದೆ. ಟಿವಿ ಮುಂದೆ ಪೊಟ್ಟಣ ಬಿಚ್ಚಿ ಕೂತರೆ ಒಂದು ಹಿಡಿಗೆ ನಿಲ್ಲಲ್ಲ ಅಲ್ವಾ? ಬಟ್ಟಲಿಗೆ ಒಂದು ಹಿಡಿ ಹಾಕಿಕೊಂಡು ಡಬ್ಬಿ ಮುಚ್ಚಿಡಿ.

ಸಂಜೆ ಅಷ್ಟು ಹಸಿವಾಗೋದಕ್ಕೆ ಮಧ್ಯಾಹ್ನದ ಊಟವೂ ಕಾರಣ. ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತೆ ಹೇಳಿ! ಬೇಳೆ ಕಡಿಮೆ ಅಂದರೆ ಪ್ರೋಟೀನ್ ಕಡಿಮೆ, ಬೇಗ ಹಸಿವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ಇದ್ದರೆ ಸುಮಾರು 50 ಗ್ರಾಂ. ಬಸ್ಸಾರು ಮಾಡಿ, ಬಸಿದ ಕಾಳು-ಸೊಪ್ಪಿನ ಪಲ್ಯ ತಟ್ಟೆಯಲ್ಲಿ ಜಾಸ್ತಿ ಇರಲಿ, ಅನ್ನ ಕಡಿಮೆ ಇರಲಿ. ಮೊಳಕೆ ಹುರುಳಿ ಸಾರು, ಮೊಸರು, ತಿನ್ನೋದಾದರೆ ಮೊಟ್ಟೆ ಸೇರಿಸಿಕೊಳ್ಳಿ. ಬೆಳಗಿನ ಇಡ್ಲಿ ಇರಲಿ, ವಡೆ ಭಾನುವಾರಕ್ಕಿಡಿ.

ಮುದ್ದೆ ತಿಂದರೆ ಸಣ್ಣಗಾಗುತ್ತಾರೆ ಅನ್ನೋದು ನಮ್ಮ ಊರಿನ ಹಳೇ ನಂಬಿಕೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಅಕ್ಕಿಗಿಂತ ಜಾಸ್ತಿ, ನಿಜ. ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಎರಡು ದಪ್ಪ ಮುದ್ದೆ ಇಳಿಸಿದರೆ ತೂಕ ಇಳಿಯಲ್ಲ.

ವಾಕಿಂಗ್‌ಗೆ ಸ್ಯಾಂಕಿ ಕೆರೆ ನಿಮಗೆ ಹತ್ತಿರವೇ. ಹೊಟ್ಟೆಯ ವ್ಯಾಯಾಮ ಮಾತ್ರ ನಿಮ್ಮ ಸರ್ಜನ್ ಹೇಳಿದ ಮೇಲೆ. ಹೊಟ್ಟೆ ಒಂದೇ ಕಡೆ ಗಂಟಿನಂತೆ ಉಬ್ಬಿದರೆ, ನೋವಿದ್ದರೆ ಕಾಯಬೇಡಿ, ತೋರಿಸಿ.

ಇನ್ನು ಸಂಕಷ್ಟಿ. ಶುಗರ್ ಇಲ್ಲದಿದ್ದರೆ ಧಾರಾಳವಾಗಿ ಮಾಡಿ, ಆದರೆ ದೇವರಿಗಾಗಿ ಮಾಡಿ. ತಿಂಗಳಿಗೊಂದು ದಿನದ ಉಪವಾಸದಿಂದ ಸೊಂಟ ಇಳಿಯುವುದಿಲ್ಲ, ಅದರಲ್ಲೂ ಚಂದ್ರ ಕಂಡ ಮೇಲೆ ಮೋದಕಕ್ಕೆ ಲೆಕ್ಕವಿಲ್ಲದಿದ್ದರೆ.

- ಸಂ.